ಮಾವನವರ ಕಾರಿಗೆ ಜಲಶುದ್ಧಿ

ಆ ಮನೆಯ ಕಾರು ಎಂದೂ ಕೆಡುತ್ತಿರಲಿಲ್ಲ, ದಣಿಯುತ್ತಿತ್ತು. ಮಾವನವರು ವ್ಯಾಕರಣದ ಮೇಷ್ಟರಾಗಿ ನಿವೃತ್ತರಾದವರು. ಕ್ರಿಯಾಪದವನ್ನು ಬದಲಿಸಿದರೆ ಕ್ರಿಯೆಯೂ ಬದಲಾಗುತ್ತದೆಂಬುದು ಅವರ ಅಚಲ ಶ್ರದ್ಧೆ. ಪೇಟೆಯ ಚೌಕದಲ್ಲಿ ಮೂತಿಯಿಂದ ಹಬೆ ಚಿಮ್ಮಿಸುತ್ತ ವಾಹನ ನಿಂತುಬಿಟ್ಟಾಗಲೂ, ಹಿಂದೆ ಹಾರನ್ನು ಬಾರಿಸುವವರ ಕಡೆ ತಿರುಗಿ, ಅದಕ್ಕೆ ಸ್ವಲ್ಪ ದಣಿವಾಗಿದೆ ಎಂದು ತಿಳಿಯಹೇಳುತ್ತಿದ್ದರು. ಹಬೆ ಕಾರುವುದರಿಂದಲೇ ಅದಕ್ಕೆ ಕಾರು ಎಂಬ ಹೆಸರು ಬಂದಿದೆಯೆಂಬ ವ್ಯುತ್ಪತ್ತಿಯನ್ನು ನೆರೆಮನೆಯವರು ಕಂಡುಹಿಡಿದಿದ್ದರು. ವ್ಯಾಕರಣದ ಮೇಷ್ಟರ ಪಕ್ಕದಲ್ಲಿ ಬಾಳಿದ್ದಕ್ಕೆ ಅಷ್ಟಾದರೂ ಫಲ ಬೇಡವೇ?

ಅಳಿಯ ಮುದ್ರಣಾಲಯವೊಂದಕ್ಕೆ ಕರಡು ತಿದ್ದುತ್ತಿದ್ದವನು. ಬೇರೆ ಮನೆ ಸಿಗುವವರೆಗೆ ಎಂದು ಮಾವನ ಮನೆ ಸೇರಿದ್ದ. ಮನೆ ಇನ್ನೂ ಸಿಕ್ಕಿರಲಿಲ್ಲ, ಹುಡುಕಿದರಲ್ಲವೇ ಸಿಗುವುದು. ಈ ನಡುವೆ ದಾದಿಯಾಗಿದ್ದ ಅವನ ಹೆಂಡತಿಗೆ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಕೆಲಸವೂ ವಾಸಕ್ಕೆ ಎರಡು ಕೋಣೆಗಳೂ ದೊರೆತವು. ಸೋಮವಾರ ಹಾಜರಾಗದಿದ್ದರೆ ಎರಡೂ ಇನ್ನೊಬ್ಬಳ ಪಾಲು. ಕರಡುಗಳು ಅಂಚೆಯಲ್ಲಿ ಬಂದು ಹೋಗಬಹುದೆಂದು ಅವಳು ಮುದ್ರಣಾಲಯದವರನ್ನೂ ಒಪ್ಪಿಸಿ ಬಂದಿದ್ದಳು. ಹೀಗೆ ನೆಪಗಳೆಲ್ಲ ಒಂದೊಂದಾಗಿ ತೀರಿಹೋಗುತ್ತಿದ್ದ ಕಷ್ಟಕಾಲದಲ್ಲಿ ಅಳಿಯನಿಗೆ ಕಾರು ನೆನಪಾಯಿತು. ಗುಡ್ಡದ ಊರಿನಲ್ಲಿ ಸ್ವಂತ ವಾಹನವಿಲ್ಲದೆ ಬದುಕುವುದುಂಟೇ?

ಮಾವನವರು ಕರ್ಣನಿಗೆ ಸರಿಸಮನಾಗಿ ಕೈಯೆತ್ತಿ, ಊರ ಹಿಂದಿನ ಏರನ್ನು ಹಬೆಯಿಲ್ಲದೆ ಹತ್ತಿಸಿದರೆ ಕಾರು ನಿಮ್ಮದೇ ಎಂದು ವರವಿತ್ತರು. ಕೊಡಬೇಕಾಗಿ ಬಾರದ ವರವನ್ನು ಕೊಡುವಾಗ ಎಂಥವರಿಗೂ ಔದಾರ್ಯ ಉಕ್ಕುತ್ತದೆ.

ಶನಿವಾರ ಅಳಿಯ ಪಂಚೆಯನ್ನು ಮೊಳಕಾಲಿಗೆ ಕಟ್ಟಿ ಅಂಗಳಕ್ಕಿಳಿದ. ರೇಡಿಯೇಟರಿಗೆ ತುಕ್ಕು ತಡೆಯುವ ದ್ರವ ಬೆರೆಸಬೇಕೆಂದು ಯಾರು ಎಷ್ಟು ಹೇಳಿದರೂ, ನೀರಿಗಿಂತ ಶುದ್ಧವಾದದ್ದು ಯಾವುದಿದೆ ಎಂದು ಕೇಳಿ ಮಾವನವರು ದಿನವೂ ಬೆಳಿಗ್ಗೆ ನಲ್ಲಿಯ ಗಡಸು ನೀರನ್ನೇ ತಂಬಿಗೆಯಿಂದ ಎರೆಯುತ್ತ ಬಂದಿದ್ದರು. ಆ ನಿತ್ಯಾಭಿಷೇಕದ ಪುಣ್ಯಫಲ ಈಗ ಹೊರಬಂತು. ತಳದ ಬಿರಡೆಯನ್ನು ತಿರುಗಿಸಿದೊಡನೆ ಇಟ್ಟಿಗೆ ಕದಡಿದಂಥ ರಾಡಿ ಬಳಬಳನೆ ಸುರಿಯಿತು. ಅಳಿಯ ಬಿರಡೆ ಮುಚ್ಚಿ, ತುಕ್ಕು ಕರಗಿಸುವ ದ್ರವವನ್ನು ನೀರಿನೊಡನೆ ತುಂಬಿಸಿ, ಎಂಜಿನ್ನನ್ನು ಓಡಿಸಿ, ಆರಲು ಬಿಟ್ಟು ಮತ್ತೆ ಬಸಿದ. ಆಮೇಲೆ ನಲ್ಲಿಯ ಕೊಳವೆಯನ್ನು ಮೇಲಿನ ಬಾಯಿಗೆ ತುರುಕಿದ. ಮೊದಲು ಕೆಂಪು, ಬಳಿಕ ಹಳದಿ, ಕೊನೆಗೆ ಕನ್ನಡಿಯಂಥ ನೀರು. ಮಾವನವರು ಮೆಟ್ಟಿಲ ಮೇಲೆ ಕುಳಿತು, ತಮ್ಮ ಪಿತ್ತವನ್ನೇ ಯಾರೋ ಬಸಿಯುತ್ತಿರುವಂತೆ ಮುಖ ಕಿವುಚಿಕೊಂಡು ಎಲ್ಲವನ್ನೂ ನೋಡಿದರು.

"ಅಳಿಯಂದ್ರೇ, ಒಳಗೆ ಏನಾದ್ರೂ ಉಳಿಸ್ತೀರೋ ಇಲ್ವೋ?"

"ಕಸ ಮಾತ್ರ ಹೋಗ್ತಿದೆ ಮಾವ," ಎಂದ ಅಳಿಯ. ಅಚ್ಚಿನ ತಪ್ಪು ಬಿಟ್ಟು ಬೇರೇನನ್ನೋ ತಿದ್ದಿದ ಸಂಭ್ರಮ ಅವನ ದನಿಯಲ್ಲಿತ್ತು.

ಭಾನುವಾರ ಇಬ್ಬರೂ ಏರಿಗೆ ಹೊರಟರು. ಉಷ್ಣಮಾಪಕದ ಮುಳ್ಳು ಸಮಾಧಿಸ್ಥ ಯೋಗಿಯಂತೆ ನಡುವಿನಲ್ಲೇ ನಿಂತಿತು. ಎಂದಿನ ತಿರುವಿನಲ್ಲಿ ಹಬೆ ಬರಲಿಲ್ಲ. ಅದರ ಮುಂದಿನ ತಿರುವಿನಲ್ಲೂ ಬರಲಿಲ್ಲ. ಕಾರು ನೆತ್ತಿ ಮುಟ್ಟಿದಾಗ ಮಾವನವರ ಮುಖ ಸಣ್ಣಗಾಗಿತ್ತು. ವಿಚಿತ್ರವೆಂದರೆ, ಗೆದ್ದ ಅಳಿಯನ ಮುಖವೂ ಅಷ್ಟೇ ಸಣ್ಣಗಾಗಿತ್ತು. ಇನ್ನು ಹೋಗಲೇಬೇಕಲ್ಲ! ಬಡಿಸಿದ ತಟ್ಟೆ, ಒಗೆದ ಬಟ್ಟೆ, ಮಧ್ಯಾಹ್ನದ ನಿದ್ದೆ ಎಲ್ಲವೂ ಅವನ ಕಣ್ಣ ಮುಂದೆ ಒಮ್ಮೆ ಮೆರವಣಿಗೆ ಹೋದವು.

ಆಗ ಕಾರಿನಡಿ ತೊಟ್ಟಿಕ್ಕುವ ಸದ್ದಾಯಿತು. ಎಂಜಿನ್ನಿನ ಮುಚ್ಚಳ ಎತ್ತಿ ನೋಡಿದರೆ ರೇಡಿಯೇಟರಿನ ಬೆಸುಗೆ ಬೆಸುಗೆಯಲ್ಲೂ ನೀರು ಜಿನುಗುತ್ತಿತ್ತು. ನೋಡನೋಡುತ್ತ ಜಿನುಗು ಧಾರೆಯಾಯಿತು. ಲೋಹ ಎಂದೋ ಸವೆದುಹೋಗಿತ್ತು. ಇಷ್ಟು ಕಾಲ ತೂತುಗಳನ್ನು ಮುಚ್ಚಿ ಹಿಡಿದಿದ್ದದ್ದು ಆ ತುಕ್ಕೇ. ಅಳಿಯ ತೊಳೆದದ್ದು ಗೋಡೆಯ ಕೊಳೆಯನ್ನಲ್ಲ, ಗೋಡೆಯನ್ನೇ.

ಎಂಜಿನ್ನು ನಂದಿಸಿ, ಕಾರನ್ನು ಇಳಿಜಾರಿಗೆ ಬಿಟ್ಟುಕೊಂಡು ಇಬ್ಬರೂ ಮನೆಗೆ ಮರಳಿದರು. ದಾರಿಯುದ್ದಕ್ಕೂ ಮಾವನವರು ಹಸುಗೂಸಿನಂತೆ ನಗುತ್ತಿದ್ದರು. ಅಳಿಯ ತಕ್ಕಮಟ್ಟಿಗೆ ಶೋಕವನ್ನು ಧರಿಸಿದ್ದ. ಅದು ಅವನ ಮೈಗೆ ಸರಿಯಾಗಿ ಕೂರುತ್ತಿರಲಿಲ್ಲ, ಅಷ್ಟೆ.

ಹೆಂಡತಿ ಪಡಸಾಲೆಯಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ಹೊಸ ರೇಡಿಯೇಟರು ತರಿಸಬೇಕು, ಆ ಕಾಲದ್ದು ಸಿಗುವುದು ದುರ್ಲಭ, ಆಸ್ಪತ್ರೆಯವರು ಒಂದು ತಿಂಗಳು ತಡೆದಾರೆಂದು ಅವನು ವಿವರಿಸತೊಡಗಿದ. ಅವಳು ಗಂಟು ಹಾಕಿ ಮುಗಿಸುವವರೆಗೂ ಕೇಳಿಸಿಕೊಂಡಳು.

"ಒಂದು ಮಾತು ಹೇಳಿ. ನಿಮಗೆ ಕಾರು ಬೇಕಾಗಿದ್ದದ್ದು ಹೋಗೋಕಾ, ಹೋಗದೇ ಇರೋಕಾ?"

ಆಮೇಲೆ ಅವಳು, ನಾಳೆ ಬೆಳಗಿನ ಬಸ್ಸಿಗೆ ತಾನು ಹೊರಡುವುದಾಗಿಯೂ, ಬರುವುದಿದ್ದರೆ ಅವನ ಬಟ್ಟೆಗಳನ್ನು ಅವನೇ ತುಂಬಿಕೊಳ್ಳಬೇಕೆಂದೂ ತಿಳಿಸಿ ಒಳಗೆ ಹೋದಳು. ಮಾವನವರು ಹತ್ತಿರ ಸರಿದು, ಹೆಂಗಸರ ಕೋಪ ದಣಿವಿನಂತೆ, ತಾನೇ ಆರುತ್ತದೆ ಎಂದು ಮೆಲ್ಲಗೆ ಸಮಾಧಾನ ಹೇಳಿದರು. ಅಳಿಯ ಅವರ ಮುಖವನ್ನು ದಿಟ್ಟಿಸಿದ. ಇನ್ನಷ್ಟು ವರ್ಷ ಇಲ್ಲೇ ಕುಳಿತರೆ ತಾನು ಯಾವ ಆಸನದಲ್ಲಿ, ಯಾವ ಮಾತನ್ನು ಆಡುತ್ತ ಇರುವೆನೆಂಬುದು ಅವನಿಗೆ ಯಾವ ಜ್ಯೋತಿಷ್ಯದ ನೆರವೂ ಇಲ್ಲದೆ ಕಂಡಿತು. ಎದ್ದು ಹೋಗಿ ಅಂಗಿಗಳನ್ನು ಮಡಿಸತೊಡಗಿದ. ಮಡಿಸಿ ಅಭ್ಯಾಸವಿಲ್ಲದ್ದರಿಂದ ಹೊತ್ತು ಹಿಡಿಯಿತು.

ಮರುದಿನ ಬಸ್ಸು ಗುಡ್ಡದ ಅರ್ಧ ದಾರಿಯವರೆಗೆ ಧೀರವಾಗಿ ಏರಿ, ಅಲ್ಲಿ ಭುಸ್ಸೆಂದು ಹಬೆಯುಗುಳಿ ನಿಂತಿತು. ಪ್ರಯಾಣಿಕರು ಇಳಿದು ಎಂಜಿನ್ನಿನ ಸುತ್ತ ಪಂಡಿತಸಭೆ ನೆರೆಸಿದರು. ತುಕ್ಕು ಕಟ್ಟಿದೆ, ತೊಳೆದರೆ ಸರಿಹೋಗುತ್ತದೆ ಎಂದು ಒಬ್ಬ ನಿರ್ಣಯವನ್ನೂ ಕೊಟ್ಟ. ಹೆಂಡತಿ ಗಂಡನ ಕಡೆ ನೋಡಿದಳು.

ಅವನು ಆ ಸಭೆಯ ಕಡೆ ತಿರುಗಲೇ ಇಲ್ಲ. ಬಸ್ಸಿನ ಮಾಡಿನಿಂದ ಪೆಟ್ಟಿಗೆಯನ್ನು ಇಳಿಸಿ ಹೆಗಲಿಗೇರಿಸಿದ.

"ಆಸ್ಪತ್ರೆ ಅಗೋ ಕಾಣ್ತಿದೆಯಲ್ಲ," ಎಂದ. "ನಡಿ, ನಡೆದುಬಿಡೋಣ."