ತೂಕದ ಹಾಳೆ

ತೂಕದ ವಿಷಯ ಬಂದರೆ ಮನುಷ್ಯರು ಸುಳ್ಳು ಹೇಳುತ್ತಾರೆ ಎಂಬುದು ಇಪ್ಪತ್ತೆರಡು ವರ್ಷ ವಿಮಾನ ಹಾರಿಸಿದ ನೆಲಿದಾಗೆ ಹೊಸ ಸಂಗತಿಯೇನಲ್ಲ. ಕ್ಲಬ್ಬಿನ ನಾಲ್ಕು ಸೀಟಿನ ಪುಟ್ಟ ವಿಮಾನ ಹತ್ತುವವರನ್ನು ಕೇಳಿ ನೋಡಿ, ಹೆಂಗಸರು ಐದು ಕಿಲೋ ಇಳಿಸುತ್ತಾರೆ, ಗಂಡಸರು ಹತ್ತು. ಆದರೆ ಸ್ವಂತ ಮನೆಯವರೇ, ಅದೂ ನದಿ ದಾಟುವ ಹಿಂದಿನ ದಿನ, ಅವಳದೇ ಊಟದ ಮೇಜಿನ ಮುಂದೆ ಕೂತು ಹೀಗೆ ನಿರ್ಭಿಡೆಯಿಂದ ಬಿಡುತ್ತಾರೆಂದರೆ!

"ಎಂಬತ್ನಾಲ್ಕು," ಎಂದ ಗಂಡ ವಿಲ್ಮಾರ್, ಬೆಣ್ಣೆ ಸವರಿದ ಮೂರನೆಯ ಬ್ರೆಡ್ಡು ಬಾಯಿಗಿಡುತ್ತ.

"ಹೊಟ್ಟೆ ಬಿಟ್ಟಾ?"

ವಿಲ್ಮಾರ್‌ನ ತಂಗಿ ಸುಲ್ಮಾ ಕಿಸಕ್ಕನೆ ನಕ್ಕಳು. "ನಂದು ಎಪ್ಪತ್ತೇ ಅತ್ತಿಗೆ, ದೇವರಾಣೆ."

"ದೇವರನ್ನ ಯಾಕೆ ಎಳೀತೀಯೆ? ಆಮೇಲೆ ಅವನನ್ನೂ ತೂಗ್ಬೇಕಾಗುತ್ತೆ."

ಬ್ಯೂನಸ್ ಐರಿಸ್‌ನಿಂದ ಮೊಂಟೆವಿಡಿಯೋಗೆ ಹೋಗುವುದೆಂದರೆ ಬೇರೆ ದೇಶಕ್ಕೆ, ಉರುಗ್ವೆಗೆ, ಹೋಗುವುದೇ ಹೌದು. ಆದರೂ ಈಚೆ ದಡದವರು ಅದನ್ನು ಪಕ್ಕದ ಬೀದಿಗೆ ಹೋದಂತೆಯೇ ಮಾತಾಡುವುದು. ಕ್ಲಬ್ಬಿನ ವಿಮಾನದಲ್ಲಿ ಒಂದೂವರೆ ಗಂಟೆ ಸಾಕು. ನದಿ ಕಿರಿದಾಗಿರುವಲ್ಲಿ ದಾಟಿ, ಆಚೆ ದಡ ಹಿಡಿದು ಪೂರ್ವಕ್ಕೆ ಹಾರಿದರಾಯಿತು. ನೆಲಿದಾ ಆಗಲೇ ನಕ್ಷೆಯ ಮೇಲೆ ಪೆನ್ಸಿಲಿನ ಗೆರೆ ಎಳೆದಿದ್ದಳು. ಎರಡೂ ದೇಶದ ಕಸ್ಟಮ್ಸಿನ ಕಾಗದ ತುಂಬಿದ್ದಳು. ನೀರಿನ ಮೇಲೆ ಹಾರುವುದಕ್ಕೆ ನಾಲ್ಕು ತೇಲುವ ಜಾಕೆಟ್ಟು ಎತ್ತಿಟ್ಟಿದ್ದಳು. ಅಲ್ಲಿ ಜೂನ್ ಎಂದರೆ ಚಳಿಗಾಲ, ಆಚೆ ದಡದಲ್ಲಿ ಯಾವಾಗ ಮಂಜು ಕವಿಯುತ್ತದೋ ಹೇಳಲಾಗದು. ಇಳಿಯಲಾಗದಿದ್ದರೆ ವಾಪಸು ಬರುವಷ್ಟು ಪೆಟ್ರೋಲು ಇರಲೇಬೇಕು. ಅದರಲ್ಲಿ ಒಂದು ಲೀಟರೂ ಅವಳು ಬಿಟ್ಟುಕೊಡುವವಳಲ್ಲ. ಅದನ್ನೆಲ್ಲ ಕಳೆದ ಮೇಲೆ ತೂಕದ ಹಾಳೆಯಲ್ಲಿ ಜನಕ್ಕೂ ಸಾಮಾನಿಗೂ ಉಳಿದದ್ದು ಇನ್ನೂರ ತೊಂಬತ್ತು ಕಿಲೋ.

"ಅತ್ತೆ, ನಿಮ್ಮದು?"

ಒಲೆಯ ಪಕ್ಕ ಅತ್ತೆ ಎರ್ಮಿನಿಯಾ ಎರಡು ಸ್ವೆಟರು, ಮೇಲೊಂದು ಶಾಲು ಹೊದ್ದು ಕೂತಿದ್ದರು. ಉರುಗ್ವೆಯವರ ಪದ್ಧತಿಯಂತೆ ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿ, ಮಾಟೆ ಕಷಾಯದ ಸೋರೆಬುರುಡೆ ಕೈಯಲ್ಲಿ. ಕಾಲ ಬಳಿ ಒಂದು ಡೋಲು. ಹೋದ ವರ್ಷ ಇದೇ ತಿಂಗಳು ತೀರಿಕೊಂಡ ಮಾವ ನಿಕಾನೋರರ ಡೋಲು.

"ಐವತ್ತೆಂಟು ಬರ್ಕೋ. ಡಾಕ್ಟ್ರ ಕಾರ್ಡಲ್ಲೇ ಇದೆ."

ಅವರವರು ಹೇಳಿದ್ದನ್ನು ನೆಲಿದಾ ಕೂಡಿದಳು. ತನ್ನದು ಅರವತ್ನಾಲ್ಕು, ಡೋಲು ಒಂಬತ್ತು, ಚೀಲಗಳು ಐದು. ಒಟ್ಟು ಇನ್ನೂರ ತೊಂಬತ್ತು, ಒಂದು ಗ್ರಾಮೂ ಆಚೀಚೆ ಇಲ್ಲ. ಅವಳು ಪೆನ್ಸಿಲು ಕೆಳಗಿಟ್ಟು ಮೂವರನ್ನೂ ನೋಡಿದಳು.

"ಹಾಳೆ ಕದ್ದು ನೋಡಿದ್ದು ಯಾರು?"

ವಿಲ್ಮಾರ್ ಸೂರು ನೋಡಿದ. ಸುಲ್ಮಾ ಉಗುರು ನೋಡಿಕೊಂಡಳು.

"ಆಗ್ಲಿ. ವಿಲ್ಮಾರ್, ಬಚ್ಚಲಿಂದ ಮೈತೂಕದ ತಕ್ಕಡಿ ತಗೊಂಬಾ."

"ನೆಲಿ, ಮರ್ಯಾದೆ ಅಂತ ಒಂದಿರುತ್ತೆ ಕಣೆ!"

"ನದಿ ಮಧ್ಯ ನಿನ್ನ ಮರ್ಯಾದೆ ತೇಲಲ್ಲ. ತಗೊಂಬಾ."

ತಕ್ಕಡಿ ಬಂತು. ವಿಲ್ಮಾರ್ ಶೂ ಬಿಚ್ಚಿದ, ಬೆಲ್ಟು ಬಿಚ್ಚಿದ, ಉಸಿರು ಬಿಗಿಹಿಡಿದ. ತೊಂಬತ್ತೊಂದು. "ಇದು ಹಳೇ ತಕ್ಕಡಿ," ಎಂದು ಗೊಣಗಿದ. ಸುಲ್ಮಾ ಎಪ್ಪತ್ನಾಲ್ಕು. ಹತ್ತಿ ಇಳಿದವಳೇ ಅಣ್ಣನ ಬ್ರೆಡ್ಡಿನ ತಟ್ಟೆಯನ್ನು ದೂರ ತಳ್ಳಿದಳು, ತಪ್ಪೆಲ್ಲ ಅದರದೇ ಎಂಬಂತೆ.

ನೆಲಿದಾ ಮತ್ತೆ ಕೂಡಿದಳು. ಮುನ್ನೂರ ಒಂದು. ಚೀಲ ಬಿಟ್ಟರೂ ಆರು ಕಿಲೋ ಹೆಚ್ಚು. ಅವಳ ಕಣ್ಣು ತಾನಾಗಿ ಡೋಲಿನ ಕಡೆ ಹೋಯಿತು. ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು.

ಅದನ್ನು ಬಿಟ್ಟು ಹೋಗೋಣ ಎಂದು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಾಳೆ ಭಾನುವಾರ ಮೊಂಟೆವಿಡಿಯೋದಲ್ಲಿ ನಿಕಾನೋರರ ಓಣಿಯವರು ಬೀದಿಯಲ್ಲೇ ಬೆಂಕಿ ಹಾಕಿ, ಸುತ್ತ ಡೋಲುಗಳನ್ನಿಟ್ಟು, ಚರ್ಮ ಕಾಯಿಸಿ ಬಿಗಿ ಮಾಡಿ, ಸಂಜೆ ಬಾರಿಸುತ್ತ ಹೊರಡುತ್ತಾರೆ. ಅವರ ಹಳೆಯ ಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಅದಕ್ಕೂ ಮುಂಚೆಯೇ ಎರ್ಮಿನಿಯಾ ಗಂಡನ ಡೋಲನ್ನು ಓಣಿಯವರ ಕೈಗೆ ಕೊಡಬೇಕು, ಅದೂ ಉಳಿದವುಗಳ ಜೊತೆ ಆ ಬೆಂಕಿಯ ಪಕ್ಕ ಕೂರಬೇಕು. ಹತ್ತೊಂಬತ್ತು ವರ್ಷದ ಮೇಲೆ ಅವರು ಊರಿಗೆ ಹೊರಟದ್ದೇ ಅದಕ್ಕೆ. ಹಡಗು ಹತ್ತಿದರೆ ಅವರಿಗೆ ವಾಂತಿ ನಿಲ್ಲುವುದಿಲ್ಲ.

"ನಾನು ಹಡಗಲ್ಲಿ ಡೋಲು ತಗೊಂಡ್ಬರ್ತೀನಿ," ಎಂದ ವಿಲ್ಮಾರ್.

"ಸೋಮವಾರ ರಜ ಇದೆ. ಟಿಕೆಟ್ಟೆಲ್ಲ ಹೋದ ವಾರವೇ ಖಾಲಿ. ಕೇಳಿ ಆಯ್ತು."

"ಹಾಗಾದ್ರೆ ನಾನೇ ಉಳೀತೀನಿ ಬಿಡಿ," ಸುಲ್ಮಾ ಮುಖ ಊದಿಸಿದಳು. "ಅಪ್ಪನ ವರ್ಷಕ್ಕೆ ಮಗಳು ಯಾಕೆ ಬೇಕು? ದಪ್ಪ ಇದ್ದವರು ಮನೇಲಿರ್ಬೇಕು."

"ಸುಮ್ನಿರೇ ನೀನು," ಎಂದರು ಎರ್ಮಿನಿಯಾ. ಬುರುಡೆಯನ್ನು ಒಲೆಯ ಕಟ್ಟೆಗಿಟ್ಟರು. "ಯಾರೂ ಉಳಿಯೋದು ಬೇಡ. ನಾನಿನ್ನೂ ತಕ್ಕಡಿ ಹತ್ತಿಲ್ವಲ್ಲ."

"ನೀವು ಯಾಕತ್ತೆ? ಕಾರ್ಡಲ್ಲಿ..."

"ಕಾರ್ಡು ಅವರಿದ್ದಾಗಿನದು."

ಅವರು ಎದ್ದರು. ಶಾಲು ತೆಗೆದು ಕುರ್ಚಿಗೆ ಹಾಕಿದರು. ಒಂದು ಸ್ವೆಟರು ತೆಗೆದರು, ಇನ್ನೊಂದನ್ನೂ ತೆಗೆದರು. ಒಳಗಿನ ರವಿಕೆ ಭುಜದಿಂದ ಜಾರುವಷ್ಟು ಸಡಿಲವಾಗಿತ್ತು. ಸುಲ್ಮಾ "ಅಯ್ಯೋ ಅಮ್ಮಾ," ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಎರ್ಮಿನಿಯಾ ಡೋಲಿನ ಅಂಚು ಹಿಡಿದು ತಕ್ಕಡಿ ಹತ್ತಿ, ಆಮೇಲೆ ಕೈ ಬಿಟ್ಟರು.

ನಲವತ್ತಾರು.

ಉಳಿದವರು ತಮ್ಮ ತೂಕ ಮುಚ್ಚಿಟ್ಟರೆ ಈಕೆ ಇಲ್ಲದ ತೂಕವನ್ನು ಹೊದ್ದುಕೊಂಡಿದ್ದರು. ಎರಡು ಬೀದಿ ಆಚೆ ಅವರ ಮನೆ, ದಿನಾ ಊಟಕ್ಕೆ ಕರೆದರೂ "ಈಗಷ್ಟೇ ಊಟ ಆಯ್ತು ಕಣೆ" ಎನ್ನುತ್ತಿದ್ದರು. ನಂಬಿದ್ದೆನಲ್ಲ ಎಂದು ನೆಲಿದಾ ತನ್ನನ್ನೇ ಬೈದುಕೊಂಡಳು. ಊರ ಮಂದಿಯ ಸುಳ್ಳನ್ನೆಲ್ಲ ಹಿಡಿಯುವ ನನಗೆ ಇದೊಂದು ಕಾಣಿಸಲಿಲ್ಲವೇ!

"ಅಮ್ಮ, ಕಾಯಿಲೆ ಏನಾದ್ರೂ..." ವಿಲ್ಮಾರ್ ಹತ್ತಿರ ಬಂದ.

"ಕಾಯಿಲೆ ಇಲ್ಲ, ಏನಿಲ್ಲ. ಡಾಕ್ಟ್ರು ಎಲ್ಲಾ ನೋಡಿ ಊಟ ಮಾಡಿ ಅಂದ್ರು, ಅಷ್ಟೆ." ಎರ್ಮಿನಿಯಾ ತಕ್ಕಡಿಯಿಂದಿಳಿದು ಸ್ವೆಟರಿಗೆ ಕೈ ತೂರಿಸಿದರು. "ಒಬ್ಬಳಿಗೆ ಅಂತ ಪಾತ್ರೆ ಇಡೋಕೆ ಮನಸ್ಸು ಬರಲ್ಲ ಕಣೋ. ಉಪ್ಪು ಹೆಚ್ಚಾಯ್ತು ಅಂತ ಬೈಯೋಕೂ ಯಾರಿಲ್ಲ. ನಿಮಗೆ ಹೇಳಿದ್ರೆ ನೀವು ನನ್ನ ಹಿಂದೆ ತಟ್ಟೆ ಹಿಡ್ಕೊಂಡು ಓಡಾಡ್ತೀರ ಅಂತ ಮುಚ್ಚಿಟ್ಟೆ. ಈಗ ಡೋಲಿಗೋಸ್ಕರ ಹೇಳ್ಬೇಕಾಯ್ತು. ಕೂಡು ನೆಲಿ. ಅವರದು ಬರುತ್ತೋ ಇಲ್ವೋ?"

ನೆಲಿದಾ ಐವತ್ತೆಂಟನ್ನು ರಬ್ಬರಿನಿಂದ ಉಜ್ಜಿ ನಲವತ್ತಾರು ಬರೆದಳು. ಅಂಕಿ ಕಣ್ಣಿಗೆ ಮಸುಕಾಯಿತು, ಆದರೆ ಕೂಡುವುದರಲ್ಲಿ ತಪ್ಪಲಿಲ್ಲ.

"ಬರುತ್ತೆ ಅತ್ತೆ. ಡೋಲು ಬರುತ್ತೆ, ಸುಲ್ಮಾ ಬರ್ತಾಳೆ, ಚೀಲಾನೂ ಬರುತ್ತೆ. ಇನ್ನೂರ ಎಂಬತ್ತೊಂಬತ್ತು."

ಎರ್ಮಿನಿಯಾ ಡೋಲಿನ ಚರ್ಮದ ಮೇಲೆ ಅಂಗೈಯಿಂದ ಒಮ್ಮೆ ತಟ್ಟಿದರು. ಚಳಿಗೆ ಸಡಿಲಾದ ಚರ್ಮ ಮಂಕಾಗಿ ಸದ್ದು ಮಾಡಿತು. ಅವರ ಮುಖ ಮಾತ್ರ ಅರಳಿತು. ಬೆಳಿಗ್ಗೆಯಿಂದ ನೆಲಿದಾ ಆ ನಗೆಗೇ ಕಾದಿದ್ದಳು.

"ಹಾಗಾದ್ರೆ ಒಂದು ಕಿಲೋ ಮಿಕ್ಕಿತು," ಎಂದಳು ಸುಲ್ಮಾ, ಮೂಗು ಒರೆಸಿಕೊಳ್ಳುತ್ತ. "ನಾನು ಇನ್ನೊಂದು ಜೊತೆ ಶೂ ತರ್ಲಾ ಅತ್ತಿಗೆ?"

"ಕೈ ಹಾಕಿದ್ರೆ ನೋಡು," ಎಂದಳು ನೆಲಿದಾ. ಹಾಳೆಯ ಕೊನೆಯಲ್ಲಿ ಹೊಸ ಸಾಲೊಂದನ್ನು ಬರೆದು, ಒತ್ತಿ ಅಡಿಗೆರೆ ಎಳೆದು, ಅತ್ತೆಯ ಕಡೆ ತಿರುಗಿಸಿ ಹಿಡಿದಳು.

ಎರ್ಮಿನಿಯಾ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು: "ಎರ್ಮಿನಿಯಾ ಇವತ್ತು ಈ ಮನೆಯಲ್ಲಿ ಮಾಡುವ ಊಟ, ಒಂದು ಕಿಲೋ."

ಅವರು ಕನ್ನಡಕ ತೆಗೆದಿಟ್ಟರು. ಆಮೇಲೆ ಕೈ ಚಾಚಿ, ಸುಲ್ಮಾ ತಳ್ಳಿದ್ದ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಬೆಣ್ಣೆ ಈ ಕಡೆ ಕೊಡೋ ತೊಂಬತ್ತೊಂದು."