ನಲವತ್ತು ನಿಮಿಷದ ಹುಬ್ಬಳ್ಳಿ

ಧನಲಕ್ಷ್ಮಿ ವಿಮಾನದಲ್ಲಿ ತಿರುಪತಿಗೆ ಹೋಗಿಬಂದು ತಿಂಗಳಾಗಿತ್ತು. ಸೂಟ್‌ಕೇಸಿಗೆ ಅಂಟಿಸಿದ್ದ ಏರ್‌ಪೋರ್ಟಿನ ಚೀಟಿಯನ್ನು ಮಾತ್ರ ಇನ್ನೂ ಕಿತ್ತಿರಲಿಲ್ಲ. ಶಿವಮೊಗ್ಗದ ನವುಲೆ ಬಡಾವಣೆಯ ಆ ಮನೆಗೆ ಬಂದಾಗಲೆಲ್ಲ ಕಿರಿಯ ಓರಗಿತ್ತಿ ಸಮತಾಳ ಕಣ್ಣು ಮೊದಲು ಹೋಗುತ್ತಿದ್ದುದು ಅಲ್ಲಿಗೇ.

“ಮೇಲಿಂದ ನಿಮ್ಮ ಭದ್ರಾವತಿಯ ಜನ್ನಾಪುರ ಉದ್ದಿನಬೇಳೆಯಷ್ಟು ಕಾಣ್ತಿತ್ತು ಕಣೇ,” ಎಂದಳು ಧನಲಕ್ಷ್ಮಿ, ಅತ್ತೆ ಶೇಷಮ್ಮನಿಗೆ ಕಾಫಿ ಕೊಡುತ್ತಾ.

ಸಮತಾಳ ಹೊಟ್ಟೆಗೆ ಕೆಂಡ ಸುರಿದಂತಾಯಿತು. ತಾರಸಿಯಲ್ಲಿ ಬಟ್ಟೆ ಹರವುತ್ತಾ ವಿಮಾನದ ಹೊಟ್ಟೆ ನೋಡುವವಳು ತಾನು, ಅದರೊಳಗೆ ಕೂತು ತನ್ನ ಊರನ್ನೇ ಬೇಳೆ ಮಾಡಿದವಳು ಇವಳು! ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಹಾರುವ ಕುದುರೆ ಏರುವವಳು ಯಾವತ್ತೂ ಕಿರಿಸೊಸೆ. ಈ ಮನೆಯಲ್ಲಿ ಮಾತ್ರ ಕಥೆ ತಿರುವುಮುರುವಾಗಿತ್ತು.

ಮುಂದಿನ ವಾರ ಹುಬ್ಬಳ್ಳಿಯಲ್ಲಿ ನಾದಿನಿಯ ಗೃಹಪ್ರವೇಶ. ಸಮತಾ ಮೊಬೈಲ್ ತೆಗೆದು ಎರಡೂ ಊರಿನ ಏರ್‌ಪೋರ್ಟ್ ಹುಡುಕಿದಳು. ಶಿವಮೊಗ್ಗದಿಂದ ಹುಬ್ಬಳ್ಳಿಯವರೆಗೆ ಕಾಮನಬಿಲ್ಲಿನಂಥ ಗೆರೆ, ಅದರ ಕೆಳಗೆ ದೂರ, ಪ್ರಯಾಣದ ಹೊತ್ತು.

“ಹುಬ್ಬಳ್ಳಿಗೆ ನಾವು ಫ್ಲೈಟಲ್ಲೇ ಹೋಗ್ತೀವಿ ಅತ್ತೆ. ನಲವತ್ತೇ ನಿಮಿಷ.”

ಶೇಷಮ್ಮ ಲೋಟ ಕೆಳಗಿಟ್ಟರು. “ಬಸ್ಸಲ್ಲಿ ಸೊಂಟ ಮುರ್ಕೊಳ್ಳೋದು ತಪ್ತಲ್ಲ. ನನ್ನೂ ಕರ್ಕೊಂಡೋಗೇ ಮಾರಾಯ್ತಿ.”

“ಅದಕ್ಕೇನತ್ತೆ, ಕಿಟಕಿ ಸೀಟು ನಿಮಗೇ.”

ಧನಲಕ್ಷ್ಮಿಯ ಮುಖ ಸಣ್ಣದಾಯಿತು. ಆ ಸಣ್ಣ ಮುಖವನ್ನು ಸಮತಾ ಭದ್ರಾವತಿಯವರೆಗೂ ಬಸ್ಸಿನಲ್ಲಿ ಕಲ್ಲುಸಕ್ಕರೆಯಂತೆ ಚಪ್ಪರಿಸಿದಳು.

ಮನೆಯಲ್ಲಿ ಗಂಡ ಧರ್ಮೇಂದ್ರ ಮೊಬೈಲ್ ನೋಡಿ ನಗತೊಡಗಿದ. “ಇದು ಹಾರಿದ್ರೆ ಇಷ್ಟು ಹೊತ್ತು ಅನ್ನೋ ಲೆಕ್ಕ ಅಷ್ಟೇ. ಹಾರೋ ವಿಮಾನ ಎಲ್ಲಿದೆ? ಚಂದ್ರ ಎಷ್ಟು ದೂರ ಅಂತಾನೂ ಹೇಳ್ತಾರೆ, ಟಿಕೆಟ್ ಕೊಡ್ತಾರಾ?”

“ಬೇರೆ ದಾರಿನೇ ಇಲ್ವಾ?”

“ಬೆಂಗಳೂರಿಗೆ ಹಾರಿ, ಅಲ್ಲಿಂದ ಇನ್ನೊಂದು ಹಿಡೀಬೇಕು. ಅಷ್ಟರಲ್ಲಿ ಬಸ್ಸಲ್ಲಿ ಹೋದೋರು ಹೋಳಿಗೆ ಊಟ ಮುಗಿಸಿ ಮಲಗಿರ್ತಾರೆ.”

ಸಮತಾಳಿಗೆ ಅನ್ನ ಸೇರಲಿಲ್ಲ. ನಿಜ ಹೇಳಿದರೆ ಧನಲಕ್ಷ್ಮಿ ನೆಂಟರ ಮುಂದೆಲ್ಲ ಇದನ್ನೇ ಹಾಡಾಗಿ ಹಾಡುತ್ತಾಳೆ. ಹೇಳದಿದ್ದರೆ ಅತ್ತೆ ಸೀರೆ ಮಡಚಿಟ್ಟುಕೊಂಡು ಕಾಯುತ್ತಾರೆ. ಮರುದಿನ ಗಟ್ಟಿ ಮನಸ್ಸು ಮಾಡಿ ಫೋನ್ ಹಚ್ಚಿದಳು.

“ಅತ್ತೆ, ಆ ಫ್ಲೈಟು...”

“ಗೊತ್ತಾಯ್ತು ಬಿಡೇ. ಸೀಟೆಲ್ಲ ಭರ್ತಿಯಂತಲ್ಲ, ಧನಲಕ್ಷ್ಮಿ ಹೇಳಿದ್ಲು. ನೀನೇನು ಮಾಡ್ತೀಯ ಪಾಪ.”

ಇಲ್ಲದ ವಿಮಾನದಲ್ಲಿ ಭರ್ತಿಯಾಗಲು ಸೀಟು ಎಲ್ಲಿಂದ ಬಂತು?

ಅಷ್ಟರಲ್ಲಿ ಆ ಕಡೆ ಧನಲಕ್ಷ್ಮಿಯೇ ಅತ್ತೆಯ ಕೈಯಿಂದ ಫೋನ್ ತೆಗೆದುಕೊಂಡು ಹಿತ್ತಿಲಿಗೆ ಹೋದಳು. “ನಾನೂ ಹುಡುಕಿದೆ ಕಣೇ, ಆ ಫ್ಲೈಟೇ ಇಲ್ಲ. ಅತ್ತೆಗ್ಯಾಕೆ ಅದೆಲ್ಲ? ಕಾರು ಗೊತ್ತು ಮಾಡಿದ್ದೀವಿ, ಎಲ್ಲ ಒಟ್ಟಿಗೆ ಹೋಗೋಣ.”

ಆ ದನಿಯಲ್ಲಿ ಸಮತಾ ಕುಟುಕನ್ನು ಹುಡುಕಿದಳು. ಸಿಗಲಿಲ್ಲ. ಒಂದು ಮಾತು ಚುಚ್ಚಿದ್ದರೂ ತಿರುಗಿ ಚುಚ್ಚಬಹುದಿತ್ತು. ವಿಮಾನ ಹತ್ತಿದ್ದಾಯಿತು, ಈಗ ದೊಡ್ಡತನವನ್ನೂ ಇವಳೇ ಹೊಡೆದುಕೊಂಡಳು.

“ಆಗ್ಲಿ ಅಕ್ಕ,” ಎಂದಳು ಹಲ್ಲು ಕಚ್ಚಿಕೊಂಡು. “ಆದ್ರೆ ಕಾರಲ್ಲಿ ಮುಂದಿನ ಸೀಟು ನಂದು.”