ಹೇಳುವವರೆಗೆ ಅಳುವಂತಿಲ್ಲ

ಜಿಪಾರ್ ಬಾಯಿಂದ ನಸ್ವಾಯ್ ತೆಗೆಸಿದವಳು ನಾನೇ. ಅವಳು ಒಂಬತ್ತನೇ ತರಗತಿಯ ಹುಡುಗಿ, ಮೊದಲ ಬೆಂಚು, ಹೋದ ವರ್ಷದವರೆಗೂ ವಟವಟ ಎಂದು ನನ್ನ ತಲೆ ತಿನ್ನುತ್ತಿದ್ದವಳು. ಹುಡುಗರು ಆ ಹಸಿರು ಹೊಗೆಸೊಪ್ಪಿನ ಉಂಡೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಪಾಠ ಕೇಳುವುದು ನಮ್ಮ ಕೊಳ್ಳದಲ್ಲಿ ಹೊಸದಲ್ಲ. ಪ್ರಶ್ನೆ ಕೇಳಿದಾಗ ಯಾರು ತುಟಿ ಬಿಗಿದು ತಲೆ ಮಾತ್ರ ಆಡಿಸುತ್ತಾರೋ ಅವರ ಬಾಯಲ್ಲಿ ಅದಿದೆ ಎಂದು ತಿಳಿಯಬೇಕು. ಅದನ್ನಿಟ್ಟುಕೊಂಡು ಮಾತಾಡಲು ಆಗುವುದಿಲ್ಲ. ಜಿಪಾರ್ ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗಿನಿಂದ ತಲೆಯಾಡಿಸುತ್ತಲೇ ಇದ್ದಳು. ಹೆಣ್ಣುಮಗಳಲ್ಲವೇ, ಯಾರಿಗೂ ಅನುಮಾನ ಬರಲಿಲ್ಲ. ಅಕ್ಟೋಬರಿನಲ್ಲಿ ನನ್ನ ಜೀವಶಾಸ್ತ್ರದ ತರಗತಿಯಲ್ಲೇ ಬೆಂಚಿನಿಂದ ಜಾರಿಬಿದ್ದಳು.

ಜೀವಶಾಸ್ತ್ರದ ಜೊತೆಗೆ ಮಕ್ಕಳ ಮನಸ್ಸು ನೋಡಿಕೊಳ್ಳುವ ಕೆಲಸವನ್ನೂ ನಮ್ಮ ಹೆಡ್‌ಮಾಸ್ಟರು ನನ್ನ ಕುತ್ತಿಗೆಗೇ ಕಟ್ಟಿದ್ದಾರೆ. ಅದಕ್ಕೊಂದು ತರಬೇತಿಗೆ ನಾರಿನ್ ಪಟ್ಟಣಕ್ಕೂ ಹೋಗಿಬಂದಿದ್ದೆ. ಅಲ್ಲಿ ಹೇಳಿಕೊಟ್ಟ ಮಾತುಗಳಲ್ಲಿ ಅರ್ಧ ಗಾಳಿಗೆ ಹೋಯಿತು, ಒಂದು ಮಾತ್ರ ಉಳಿಯಿತು. ನಶೆ ಮಾಡಿದ ಮಗುವನ್ನು 'ಯಾಕೆ ಮಾಡಿದೆ' ಎಂದು ಕೇಳಬೇಡಿ, 'ನಿನಗೆ ಏನಾಯಿತು' ಎಂದು ಕೇಳಿ. ಸ್ಟೋರ್‌ರೂಮಿನ ಪಕ್ಕದ ನನ್ನ ಕೋಣೆಗೆ ಅವಳನ್ನು ಕರೆದುಕೊಂಡು ಹೋಗಿ, ಬಾಯಿ ತೊಳೆಸಿ, ಹಾಲು ಹಾಕಿದ ಚಹಾ ಕೊಟ್ಟು, ಹಾಗೆಯೇ ಕೇಳಿದೆ.

"ಏನಾಯ್ತು ಮಗು ನಿಂಗೆ?"

ಲೋಟ ಕೆಳಗಿಟ್ಟಳು. ನಮ್ಮ ಮಕ್ಕಳು ಟೀಚರಕ್ಕನಿಗೆ ಎನ್ನುವಂತೆ ಎಜೆ ಎಂದು ಕರೆದು ಅಂದಳು, "ಎಲ್ರೂ ನನ್ನ ತಲೆ ಸವರ್ತಾರೆ ಎಜೆ. ಬ್ರೆಡ್ ಅಂಗಡಿಯವಳು ಸವರ್ತಾಳೆ. ಬಸ್ ಡ್ರೈವರ್ ಸವರ್ತಾನೆ. ನೀವೂ ಸೆಪ್ಟೆಂಬರ್‌ನಲ್ಲಿ ಸವರಿದ್ರಿ. ತಾಯಿ ಇಲ್ಲದ ಮಕ್ಕಳ ತಲೆ ತಾನೇ ಹಂಗೆ ಸವರೋದು?"

ಅವಳ ತಾಯಿ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ, ಕೆಲಸ ಮಾಡುತ್ತಿದ್ದ ಲಾಂಡ್ರಿಗೆ ಬೆಂಕಿ ಬಿದ್ದು ಸತ್ತಿದ್ದಳು. ಹೆಣ ಬಂತು, ಗುಡ್ಡದ ಆಚೆ ಮಣ್ಣಾಯಿತು. ಆ ವಾರ ಜಿಪಾರ್‌ಗೆ ಏನೋ ಬಹುಮಾನ ಬಂದಿದೆಯೆಂದು ಸುಳ್ಳು ಹೇಳಿ, ಇಸಿಕ್-ಕುಲ್ ಸರೋವರದ ಶಿಬಿರಕ್ಕೆ ಕಳಿಸಿದ್ದೆವು. ಊರಿಗೆ ಊರೇ ಆ ಸುಳ್ಳಿನಲ್ಲಿ ಭಾಗಿ. ಸಾವಿನ ಸುದ್ದಿಯನ್ನು ನಮ್ಮಲ್ಲಿ ಯಾರು ಬೇಕಾದರೂ ಹೇಳುವಂತಿಲ್ಲ. ಮನೆಯ ಹಿರಿಯ ಬರಬೇಕು, ನೆಂಟರು ಸುತ್ತ ಕೂರಬೇಕು, ಅವನು ಸುತ್ತುಬಳಸಿ ಮಾತು ತೆಗೆದು ಸುದ್ದಿ ಕೇಳಿಸಬೇಕು, ಆಗ ಎಲ್ಲರೂ ಒಟ್ಟಿಗೆ ಅಳಬೇಕು. ಅಪ್ಪ ಇಲ್ಲದ ಈ ಮನೆಯಲ್ಲಿ ಹಿರಿಯನೆಂದರೆ ಸೋದರಮಾವ, ಅವನೂ ರಷ್ಯಾದಲ್ಲಿ. ಮೊದಲು ಪರೀಕ್ಷೆ ಮುಗಿಯಲಿ ಅಂದರು, ಆಮೇಲೆ ಬೇಸಿಗೆಯ ಹುಲ್ಲುಗಾವಲಿನಿಂದ ಇಳಿದು ಬರಲಿ ಅಂದರು, ಆಮೇಲೆ ಆಲೂಗಡ್ಡೆ ಅಗೆತ ಮುಗಿಯಲಿ ಅಂದರು.

"ಅಮ್ಮನ ನಂಬರಿಂದ ವಾಯ್ಸ್ ಮೆಸೇಜ್ ಬರ್ತದಲ್ಲ?" ಎಂದೆ. ಹಾಗೆ ಕೇಳಿದ್ದಕ್ಕೆ ನನಗೇ ಹೇಸಿಗೆಯಾಯಿತು.

"ಅದು ಚಿಕ್ಕಮ್ಮ, ಅಮ್ಮನ ತಂಗಿ, ಅವಳೂ ಅಲ್ಲೇ ಇರೋದು. ಧ್ವನಿ ಒಂದೇ ಥರ. ಆದ್ರೆ ಅಮ್ಮ ಬೈಯ್ತಿದ್ಲು, ಇವಳು ಬೈಯಲ್ಲ."

"ಅಜ್ಜಿ ಹತ್ರ ಕೇಳ್ಬಹುದಿತ್ತಲ್ಲ?"

"ಅಜ್ಜಿಗೆ ಹಾರ್ಟು ವೀಕು. ಮತ್ತೆ, ನಂಗೆ ಯಾರೂ ಹೇಳಿಲ್ಲ. ಹೇಳ್ದೆ ಹೆಂಗೆ ಅಳ್ಲಿ?" ಆಮೇಲೆ ಬೇರೆ ಯಾವುದೋ ವಿಷಯದಂತೆ, "ಬಾಯಲ್ಲಿ ಅದಿದ್ರೆ ಬಾಯಿ ತೆಗಿಯೋ ಹಂಗಿಲ್ಲ ಎಜೆ. ಅದಕ್ಕೇ," ಅಂದಳು.

ಆ ಸಂಜೆಯೇ ಅಜ್ಜಿ ಬುಬುಸಾರಾಳ ಮನೆಗೆ ಹೋದೆ. ಒಲೆಗೆ ಬೆರಣಿ ಹಾಕುತ್ತಿದ್ದಳು. ತಲೆಗೆ ಬಿಳಿ ರುಮಾಲು. ಬಗ್ಗಿದಾಗ ಕಿವಿಯ ಹತ್ತಿರ ಅದರ ಕೆಳಗಿಂದ ಕಪ್ಪು ಅಂಚು ಕಾಣಿಸಿತು. ಮಗಳು ಸತ್ತ ತಾಯಿ ಕಪ್ಪು ಕಟ್ಟಲೇಬೇಕು, ಮೊಮ್ಮಗಳು ಅದನ್ನು ನೋಡಬಾರದು. ಹಾಗಾಗಿ ಮುದುಕಿ ಎರಡನ್ನೂ ಕಟ್ಟಿದ್ದಳು. ನಾನು ನೇರವಾಗಿ ಹೇಳಿದೆ, ಹುಡುಗಿಗೆ ಗೊತ್ತು, ಈ ರಾತ್ರಿಯೇ ಹೇಳಿಬಿಡಿ, ಮಗು ವಿಷ ಅಗಿಯುತ್ತಿದೆ ಎಂದು.

"ಗೊತ್ತಿದ್ರೆ ಗೊತ್ತಿರ್ಲಿ ತಾಯಿ," ಎಂದಳು ಬುಬುಸಾರಾ. "ಗೊತ್ತಾಗೋದು ಬೇರೆ, ಕೇಳಿಸೋದು ಬೇರೆ. ನನ್ನ ಬಾಯಿಂದ ಬರಬಾರ್ದು ಅದು. ಶನಿವಾರ ನನ್ನ ಮಗ ಬರ್ತಾನೆ, ಟಿಕೆಟ್ ಆಗಿದೆ. ಐದು ತಿಂಗಳು ತಡ್ಕೊಂಡಿದೀವಿ, ಐದು ದಿನ ತಡ್ಕೊಳಕ್ಕಾಗಲ್ವಾ?"

"ನಿಮಗಾಗುತ್ತೆ. ಅವಳಿಗಾಗಲ್ಲ."

"ಓದಿದೋರು ನೀವು. ಬೋರ್ಸೋಕ್ ತಿನ್ನಿ," ಎಂದು ಕರಿದ ಹಿಟ್ಟಿನ ತಟ್ಟೆ ಮುಂದೆ ತಳ್ಳಿದಳು. ಮಾತು ಮುಗಿಯಿತೆಂದು ಅದರ ಅರ್ಥ.

ನನಗಿದ್ದ ಭಯ ಮರುದಿನದ್ದು. ನಮ್ಮ ಹೆಡ್‌ಮಾಸ್ಟರ್ ಎಸೆನ್‌ಬೆಕ್ ಅವರ ಬಳಿ ಒಂದೇ ಮದ್ದು: ಬೆಳಗಿನ ಸಾಲು. ಇಡೀ ಶಾಲೆಯನ್ನು ಅಂಗಳದಲ್ಲಿ ನಿಲ್ಲಿಸಿ, ತಪ್ಪು ಮಾಡಿದ ಮಗುವನ್ನು ಮುಂದೆ ಕರೆದು, ರಷ್ಯಾದಲ್ಲಿರುವ ತಂದೆಗೋ ತಾಯಿಗೋ ಫೋನ್ ಮಾಡಿ, ಮೈಕಿಗೆ ಹಿಡಿದು ಬೈಸುವುದು. ತಂದೆತಾಯಿಗಳೇ ಇದನ್ನು ಮೆಚ್ಚುತ್ತಾರೆ. ದೂರದಿಂದ ಮಗುವನ್ನು ಬೆಳೆಸಲು ಅವರಿಗೆ ಇನ್ನೇನು ದಾರಿಯಿದೆ?

ಬೆಳಿಗ್ಗೆ ಅವರ ಕೋಣೆಗೆ ಓಡಿದೆ. "ಅಗಾಯ್, ಮೇಷ್ಟ್ರೇ, ಜಿಪಾರ್‌ನ ಮಾತ್ರ ಕರೀಬೇಡಿ. ನಿಮಗೇ ಗೊತ್ತು."

"ಗೊತ್ತು, ಗೊತ್ತು. ನಾನೇನು ಕಲ್ಲಾ?" ಎಂದರು ಪಾಪ. ಅವರು ಕೆಟ್ಟವರಲ್ಲ. "ಸುಮ್ನೆ ಒಂದೆರಡು ಬುದ್ಧಿಮಾತು ಹೇಳಿ ಕಳಿಸ್ತೀನಿ. ಜಿಲ್ಲೆಯಿಂದ ಇನ್ಸ್‌ಪೆಕ್ಟರಮ್ಮ ಬಂದಿದಾರೆ. ಕ್ಲಾಸಲ್ಲಿ ಬಿದ್ದ ಸುದ್ದಿ ಅವರ ಕಿವಿಗೆ ಹೋಗ್ಬಿಟ್ಟಿದೆ. ಏನೂ ಮಾಡ್ದಿದ್ರೆ ನನ್ನ ಚರ್ಮ ಸುಲೀತಾರೆ."

ಇನ್ಸ್‌ಪೆಕ್ಟರಮ್ಮ ಗಾಜಿನ ಸೀಸೆಯಲ್ಲಿ ನಸ್ವಾಯ್ ತಂದಿದ್ದಳು, ಕೊಳೆತ ತುಟಿಗಳ ದೊಡ್ಡ ಚಿತ್ರವನ್ನೂ ತಂದಿದ್ದಳು. ಚಳಿಗೆ ಮಕ್ಕಳು ಕಾಲು ಕುಣಿಸುತ್ತಾ ನಿಂತಿದ್ದರು. ಬುಬುಸಾರಾಳನ್ನೂ ಕರೆಸಿದ್ದರು. ಅವಳು ಗೇಟಿನ ಹತ್ತಿರ ಕೋಲೂರಿ ನಿಂತಿದ್ದಳು. ಜಿಪಾರ್ ಮುಂದೆ ಬಂದಳು, ತುಟಿ ಬಿಗಿದಿತ್ತು. ಬಾಯಲ್ಲಿ ಮತ್ತೆ ಅದಿದೆಯೆಂದು ನನಗೆ ತಿಳಿಯಿತು.

ಎಸೆನ್‌ಬೆಕ್ ಬುದ್ಧಿಮಾತು ಹೇಳಿ ಕಳಿಸುವುದರಲ್ಲಿದ್ದರು. ಇನ್ಸ್‌ಪೆಕ್ಟರಮ್ಮ ಪರವೂರಿನವಳು, ಅವಳಿಗೇನು ಗೊತ್ತು? "ಇಷ್ಟೇನಾ? ನಿಮ್ಮ ಶಾಲೇಲಿ ಅಪ್ಪ ಅಮ್ಮಂಗೆ ಫೋನ್ ಮಾಡೋ ಒಳ್ಳೆ ಪದ್ಧತಿ ಇದೆ ಅಂತ ಕೇಳಿದ್ದೆ. ಇವಳ ತಾಯಿ ಎಲ್ಲಿ?"

"ಮಾಸ್ಕೋದಲ್ಲಿ," ಎಂದು ಸಾಲಿನ ಮುಂದಿದ್ದ ಶಿಕ್ಷಕನೊಬ್ಬ ಗಿಣಿಯಂತೆ ಹೇಳಿಬಿಟ್ಟ. ಅಷ್ಟು ತಿಂಗಳು ನಾವೆಲ್ಲ ಬಾಯಿಪಾಠ ಮಾಡಿದ ಉತ್ತರ ಅದು.

"ಮತ್ತೆ? ಹಚ್ಚಿ ಫೋನು."

ಎಸೆನ್‌ಬೆಕ್ ನನ್ನ ಕಡೆ ನೋಡಿದರು. ಹುಡುಗಿಯ ಎದುರಿಗೆ 'ಅವಳು ಸತ್ತಿದ್ದಾಳೆ' ಎನ್ನುವಂತಿಲ್ಲ. ಕೊನೆಗೆ ಸತ್ತವಳ ನಂಬರಿಗೇ ಫೋನ್ ಹಚ್ಚಿದರು. ನಾನು "ಬೇಡ!" ಎಂದು ಕೂಗಿಕೊಂಡು ಹೆಜ್ಜೆ ಮುಂದಿಟ್ಟೆ, ಅಷ್ಟರಲ್ಲಿ ಮೈಕಿನಿಂದ ಯಂತ್ರಗಳ ಗದ್ದಲ ಕೇಳಿಸಿತು, ಆಮೇಲೆ ಒಂದು ಹೆಣ್ಣು ಧ್ವನಿ. ಸತ್ತವಳ ಧ್ವನಿಯಂತೆಯೇ ಇತ್ತು.

"ನಿಮ್ಮ ಮಗಳು ನಸ್ವಾಯ್ ತಿಂತಾಳೆ. ಶಾಲೆಯೆಲ್ಲ ಕೇಳ್ತಿದೆ, ಒಂದು ಮಾತು ಹೇಳಿ," ಎಂದಳು ಇನ್ಸ್‌ಪೆಕ್ಟರಮ್ಮ.

ಚಿಕ್ಕಮ್ಮ ತಡವರಿಸಿದಳು. ತಾಯಿಯಾದವಳು ಇಂಥ ಹೊತ್ತಲ್ಲಿ ಬೈಯಲೇಬೇಕು, ಬೈಯದಿದ್ದರೆ ಗುಟ್ಟು ರಟ್ಟಾಗುತ್ತದೆ. ಮೊದಲ ಸಲ ಬೈದಳು. "ನಾಚಿಕೆ ಆಗಲ್ವಾ ಜಿಪಾರ್? ನಿನಗೋಸ್ಕರ ಇಲ್ಲಿ ನಾನು... ನಾನು ಇಲ್ಲಿ ಜೀವ ಸುಟ್ಕೊಳ್ತಿದ್ರೆ..." ಮಾತು ತುಂಡಾಯಿತು. ತಾನೇನು ಹೇಳಿದೆನೆಂದು ಅವಳಿಗೆ ಆಗ ಹೊಳೆದಿರಬೇಕು. ಬಿಕ್ಕುವ ಸದ್ದು ಅಂಗಳದ ತುಂಬ ಕೇಳಿಸಿ ಫೋನ್ ಕಟ್ಟಾಯಿತು.

ಒಂದನೇ ತರಗತಿಯ ಕೂಸುಗಳಿಂದ ಹಿಡಿದು ಎಲ್ಲ ಮಕ್ಕಳೂ ನೆಲ ನೋಡುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ಜಿಪಾರ್ ಒಂದು ಸಲ ಕತ್ತು ಎತ್ತಿ ಬಾಯಲ್ಲಿದ್ದುದನ್ನು ಪೂರ್ತಿ ನುಂಗಿದಳು.

ನುಂಗುವ ಪದಾರ್ಥವಲ್ಲ ಅದು. ಅವಳನ್ನು ನನ್ನ ಕೋಣೆಗೆ ಹೊತ್ತು ತಂದಾಗ ಹಸಿರು ಹಸಿರಾಗಿ ವಾಂತಿ ಮಾಡುತ್ತಿದ್ದಳು, ಮುಖ ಸುಣ್ಣದಂತಾಗಿತ್ತು. ಆಂಬುಲೆನ್ಸಿಗೆ ಹೇಳಿದ್ದೆವು, ಅದು ಬರಬೇಕಾದರೆ ಗುಡ್ಡ ಇಳಿದು ಬರಬೇಕು. ಬುಬುಸಾರಾ ಬಂದು ಪಕ್ಕದಲ್ಲಿ ಕೂತು, ಎಲ್ಲರಂತೆ ಅವಳ ತಲೆ ಸವರತೊಡಗಿದಳು.

"ಏನಿಲ್ಲ ಕೂಸೇ, ಅಮ್ಮಂಗೆ ಸಿಟ್ಟು ಬಂದಿದೆ ಅಷ್ಟೆ. ಶನಿವಾರ ಮಾವ ಬರ್ತಾನೆ, ಎಲ್ಲ ಸರಿಹೋಗುತ್ತೆ."

ಇನ್ನೂ! ಆ ಮುದುಕಿಯನ್ನು ಹಿಡಿದು ಅಲುಗಿಸಬೇಕೆನ್ನಿಸಿತು. ಜಿಪಾರ್ ಅಜ್ಜಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಎಜೆ, ಇನ್ನೂ ಹೇಳ್ತಿಲ್ಲ ಇವ್ರು," ಎಂದಳು. ಅವಳ ಕೈ ಮೆಲ್ಲಗೆ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಇನ್ನೊಂದು ಪೊಟ್ಟಣವಿತ್ತು.

ನಾನು ಆ ಕೈ ಹಿಡಿದುಕೊಂಡೆ. ನಾನು ಅವಳ ನೆಂಟಳಲ್ಲ, ಹಿರಿಯಳಲ್ಲ, ಹೇಳುವ ಹಕ್ಕು ನನಗೆ ಏಳು ಜನ್ಮಕ್ಕೂ ಇಲ್ಲ. "ಜಿಪಾರ್, ನಿನ್ನ ಅಮ್ಮ ಸತ್ತುಹೋಗಿದ್ದಾಳೆ," ಎಂದೆ. "ಮೇ ತಿಂಗಳಲ್ಲಿ. ಲಾಂಡ್ರಿಗೆ ಬೆಂಕಿ ಬಿತ್ತು. ಗುಡ್ಡದ ಆಚೆ, ನಿನ್ನ ಅಜ್ಜನ ಪಕ್ಕದಲ್ಲಿ ಮಣ್ಣು ಮಾಡಿದಾರೆ."

"ಏನ್ ಮಾಡ್ಬಿಟ್ಟೆ, ಹಾಳಾದೋಳೆ!" ಎಂದು ಬುಬುಸಾರಾ ಕೋಲೆತ್ತಿದಳು. ಹೊಡೆದಳು ಕೂಡ. ಭುಜಕ್ಕೆ ಬಿತ್ತು. ಎರಡನೆಯ ಏಟಿಗೆ ಎತ್ತಿದ ಕೋಲು ಹಾಗೇ ನಿಂತಿತು, ಏಕೆಂದರೆ ಜಿಪಾರ್ ಅವಳ ಅಂಗಿಯ ಅಂಚು ಹಿಡಿದು ಜಗ್ಗುತ್ತಿದ್ದಳು.

"ಅಜ್ಜಿ," ಎಂದಳು ಜಿಪಾರ್. "ಈಗ ಅಳ್ಬಹುದಾ?"

ಮುದುಕಿ ಕೋಲು ಕೆಳಗಿಟ್ಟಳು. ಒಳಗಿನ ಕಪ್ಪು ಕಾಣುವಂತೆ ತಲೆಯ ಬಿಳಿ ರುಮಾಲು ಬಿಚ್ಚಿ, ಅದರಿಂದಲೇ ಮೊಮ್ಮಗಳ ತುಟಿಯ ಹಸಿರನ್ನು ಒರೆಸತೊಡಗಿದಳು.